ನೆಲ ಡೊಂಕಾಗಿಯೇ ಇತ್ತು

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಲೆಕ್ಕ ಒಪ್ಪಿಸಬೇಕಾಗಿದೆ.

ದಸರಾ ರಜೆಗೆ ಸೋಸಲೆಗೆ ಬಂದ ಮೊಮ್ಮಗ ಸಂಜೆ ಹಿತ್ತಲ ಜಗಲಿಯಲ್ಲಿ ಆನ್‌ಲೈನ್ ಚೆಸ್ ಆಡುತ್ತಿದ್ದ. ಮೂರು ನಿಮಿಷದ ಆಟ. ಇನ್ನೇನು ಗೆದ್ದ ಅನ್ನುವಾಗ ಪರದೆ ನಿಂತುಹೋಯಿತು. ಮತ್ತೆ ಬರುವಷ್ಟರಲ್ಲಿ ಅವನ ಗಡಿಯಾರ ಸೊನ್ನೆ. "ಲ್ಯಾಗ್ ಆಯ್ತು ತಾತ!" ಎಂದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಟ್ಟೆ. ಹುಡುಗ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಅಜ್ಜಿ ನನ್ನನ್ನೇ ಬೈದಳು.

ಬೆಳಿಗ್ಗೆ ಸಮಾಧಾನ ಮಾಡೋಣವೆಂದು "ಏನಪ್ಪಾ ಅದು ಲ್ಯಾಗು?" ಎಂದು ಕೇಳಿದೆ. ಪಿಂಗ್ ತೋರಿಸಿದ. ನಾವು ಕಳಿಸಿದ ಸುದ್ದಿ ಆಟದ ಸರ್ವರ್‌ಗೆ ಹೋಗಿ ಉತ್ತರ ತರಲು ಹಿಡಿಯುವ ಸಮಯವಂತೆ ಅದು. ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಅಳೆಯುತ್ತಾರೆ. "40 ಎಂಬಿಪಿಎಸ್‌ಗೆ ದುಡ್ಡು ಕಟ್ಟುತ್ತಿದ್ದೇವಲ್ಲೋ!" ಎಂದೆ. ಆಮೇಲೆ ನನಗೇ ಹೊಳೆಯಿತು. ನಾನು ಬ್ಯಾಂಕಿನಲ್ಲಿದ್ದಾಗ ಟಪಾಲು ಚೀಲ ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತಿತ್ತು. ದೊಡ್ಡ ಚೀಲದಲ್ಲಿ ಕಾಗದ ಹೆಚ್ಚು ಹಿಡಿಸುತ್ತದೆ, ಬಸ್ಸೇನೂ ಬೇಗ ಹೋಗುವುದಿಲ್ಲ. ಎಂಬಿಪಿಎಸ್ ಎಂದರೆ ಚೀಲ, ಪಿಂಗ್ ಎಂದರೆ ಬಸ್ಸಿನ ಪ್ರಯಾಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 10,000 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಬೇಕು, ನೀವೇ ಲೆಕ್ಕ ಹಾಕಿ. ಸರ್ವರ್ ಆರಿಸಿಕೊಳ್ಳುವ ಅವಕಾಶವಿರುವ ಆಟದಲ್ಲಿ ಹತ್ತಿರದ್ದನ್ನೇ ಆರಿಸಬೇಕು.

ಪೆನ್ಸಿಲ್ ಹಿಡಿದು ಮನೆಯೆಲ್ಲಾ ಅಳೆದೆವು. ರೂಟರ್ ಇರುವ ನಡುಮನೆಯಲ್ಲಿ 30ರ ಆಸುಪಾಸು. ಹಿತ್ತಲ ಜಗಲಿಯಲ್ಲಿ 40, 90, 35, 300. ಆಟ ಕೆಡಿಸುವುದು ಈ ಜಿಗಿತವೇ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಮರೆಮಾಡಿ ಇಟ್ಟವನು ನಾನು. ಲೋಹ ಅಲೆಗಳನ್ನು ತಡೆಯುತ್ತದೆ. ಸಾಲದ್ದಕ್ಕೆ ನಮ್ಮದು ಹಳೇ ಮನೆಯ ದಪ್ಪ ಮಣ್ಣಿನ ಗೋಡೆ. ಈಗ ರೂಟರ್ ಎತ್ತರದ ಗೂಡಿಗೆ ಏರಿದೆ. ಹತ್ತಿರ ಕೂರುವುದಾದರೆ 5 ಗಿಗಾಹರ್ಟ್ಸ್ ವೈಫೈ ಒಳ್ಳೆಯದು. 2.4 ಗೋಡೆ ದಾಟುತ್ತದೆ, ಆದರೆ ಅದರಲ್ಲಿ ಬ್ಲೂಟೂತ್, ಮೈಕ್ರೋವೇವ್ ಒಲೆಗಳ ಗದ್ದಲವೂ ಸೇರಿರುತ್ತದೆ. ಎಲ್ಲಕ್ಕಿಂತ ನಿಶ್ಚಿಂತೆ ತಂತಿ. ಹುಡುಗನ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿದೆವು.

ಆದರೂ ಸಂಜೆ ಏಳಕ್ಕೆ ಪಿಂಗ್ 600! ಹುಡುಕಿದರೆ ಕಳ್ಳ ನನ್ನ ಮೊಬೈಲು. ಚಾರ್ಜಿಗೆ ಹಾಕಿದ ಕೂಡಲೇ ಮದುವೆಯ ವಿಡಿಯೋಗಳನ್ನೆಲ್ಲ ತಾನಾಗಿ ಬ್ಯಾಕಪ್‌ಗೆ ಕಳಿಸುತ್ತಿತ್ತು. ಹುಡುಗನ ಪುಟ್ಟ ನಡೆ ಅದರ ಹಿಂದೆ ಸರದಿಯಲ್ಲಿ ನಿಂತಿತ್ತು, ಪಿಂಚಣಿ ದಿನ ಬ್ಯಾಂಕಿಗೆ ಹತ್ತು ರೂಪಾಯಿ ಕಟ್ಟಲು ಬಂದವನ ಹಾಗೆ.

"ದೊಡ್ಡವರಿಗೂ ಹೀಗಾಗಿದೆ ತಾತ" ಎಂದ. ನಿಜ. 2020ರ ಆಗಸ್ಟ್ 30ರಂದು ಆನ್‌ಲೈನ್ ಚೆಸ್ ಒಲಿಂಪಿಯಾಡ್ ಫೈನಲ್‌ನಲ್ಲಿ ನಿಹಾಲ್ ಸರಿನ್, ದಿವ್ಯಾ ದೇಶ್‌ಮುಖ್ ಇಬ್ಬರ ಸಂಪರ್ಕವೂ ಕಡಿದು, ಸಮಯ ಮುಗಿದು ಸೋತರು. ಅಂದು ಜಗತ್ತಿನ ಹಲವೆಡೆ ಇಂಟರ್ನೆಟ್ ಕೆಟ್ಟಿತ್ತು. ಭಾರತ ಮೇಲ್ಮನವಿ ಸಲ್ಲಿಸಿತು. ಫಿಡೆ ಭಾರತ, ರಷ್ಯಾ ಎರಡಕ್ಕೂ ಚಿನ್ನ ಕೊಟ್ಟಿತು. ನೆಪ ಹೇಳುತ್ತೀರಿ ಎಂದು ಫಿಡೆ ಅವರನ್ನು ತಳ್ಳಿಹಾಕಲಿಲ್ಲ. ನಾನು ಹುಡುಗನಿಗೆ ಹೇಳಿದ ಗಾದೆ ವಾಪಸ್ ಪಡೆದೆ.

ಈಗ ಬ್ಯಾಕಪ್ ಏನಿದ್ದರೂ ಮಲಗುವ ಹೊತ್ತಿಗೆ. ನಿನ್ನೆ ಹುಡುಗ ಮತ್ತೆ ಸೋತ. "ಲ್ಯಾಗೇನೋ?" ಎಂದು ಕೇಳಿದೆ.

"ಇಲ್ಲ ತಾತ, ನಾನೇ ಆನೆ ಸುಮ್ಮನೆ ಕೊಟ್ಟುಬಿಟ್ಟೆ."