ಬಳಸಿದ ಬಟ್ಟೆಗೂ ಬೆಲೆ ಚೀಟಿ ಬೇಕು

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಹಳ್ಳಿಗಳಿಗೆ ಆಗಾಗ ಸ್ಟೀಲ್ ಪಾತ್ರೆ ಮಾರುವವರು ಬರುತ್ತಾರೆ. ದುಡ್ಡು ಕೇಳುವುದಿಲ್ಲ. ಹಳೆ ಸೀರೆ, ಪ್ಯಾಂಟು, ಅಂಗಿ ಹಾಕಿದರೆ ಡಬ್ಬಿಯೋ ತಾಟೋ ಕೊಡುತ್ತಾರೆ. ತುಂಗಭದ್ರೆಯ ದಂಡೆಯ ಚೀಕಲಪರ್ವಿ ವಿಜಯದಾಸರು ಹುಟ್ಟಿದ ಊರೆಂದು ನಾಡಿಗೆಲ್ಲ ಗೊತ್ತು. ಅಂಥ ಊರಿನ ಓಣಿಯಲ್ಲೂ ಕಟ್ಟೆಯ ಮೇಲೆ ಈ ವ್ಯಾಪಾರ ನಡೆಯುವ ರೀತಿ ಒಂದೇ.

“ಮೂರು ಸೀರಿಗೆ ಇಷ್ಟ ಸಣ್ಣ ಡಬ್ಬಿ ಏನವ್ವ?”

“ಅಂಚು ಹರದೈತಿ ನೋಡ್ರಿ ಅಕ್ಕ. ಇನ್ನೊಂದು ಪ್ಯಾಂಟ ಹಾಕ್ರಿ, ದೊಡ್ಡದು ಕೊಡ್ತೀನಿ.”

ಇಷ್ಟು ಹೇಳುವ ಮೊದಲು ಪಾತ್ರೆಯವಳು ಏನು ಮಾಡುತ್ತಾಳೆಂದು ಗಮನಿಸಬೇಕು. ಸೀರೆಯನ್ನು ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾಳೆ, ನೂಲು ತೆಳುವಾದ ಕಡೆ ಬೆಳಕು ತೂರಿ ಬರುತ್ತದೆ. ಎರಡು ಕೈಯಲ್ಲಿ ಜಗ್ಗಿ ನೋಡುತ್ತಾಳೆ. ಪ್ಯಾಂಟಿನ ಜಿಪ್ ಎಳೆಯುತ್ತಾಳೆ, ಅಂಗಿಯ ಕಂಕುಳ ಮತ್ತು ಕಾಲರ್ ತಿರುವಿ ನೋಡುತ್ತಾಳೆ. ಎಲ್ಲ ಅರ್ಧ ನಿಮಿಷದ ಕೆಲಸ. ಹಳೆ ಬಟ್ಟೆ ಕೊಳ್ಳಲು ತಿಳಿದಿರಬೇಕಾದ ವಿದ್ಯೆಯ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು.

ಆ ಗಂಟು ಮುಂದೆ ಎಲ್ಲಿಗೆ ಹೋಗುತ್ತದೆ? ಗಟ್ಟಿಯಿದ್ದದ್ದನ್ನು ಒಗೆದು, ಇಸ್ತ್ರಿ ಹಾಕಿ ದೊಡ್ಡ ಊರುಗಳ ಫುಟ್‌ಪಾತಿನಲ್ಲೋ ಸಂತೆಯಲ್ಲೋ ಮಾರುತ್ತಾರೆ. ಹರಿದದ್ದು ಕತ್ತರಿಸಿಕೊಂಡು ಗ್ಯಾರೇಜುಗಳಲ್ಲಿ ಕೈ ಒರೆಸುವ ವೇಸ್ಟ್ ಬಟ್ಟೆಯಾಗುತ್ತದೆ. ಉಣ್ಣೆಯದು ಹರಿಯಾಣದ ಪಾಣಿಪತ್‌ವರೆಗೂ ಹೋಗಿ, ಅಲ್ಲಿನ ಗಿರಣಿಗಳಲ್ಲಿ ಬಿಡಿಸಿಕೊಂಡು ಮತ್ತೆ ನೂಲಾಗಿ ಅಗ್ಗದ ಕಂಬಳಿಯಾಗುತ್ತದೆ. ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ಭಾನುವಾರ ಬೆಳಿಗ್ಗೆ ಕೂಡುವ ಸಂಡೆ ಬಜಾರು, ಶಿವಾಜಿನಗರದ ಗುಜರಿ ಇವೆಲ್ಲ ಇದೇ ಹೊಳೆಯ ಕೆಳಗಿನ ದಂಡೆಗಳು. ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರಿಗೆ ಈ ಬಜಾರುಗಳು ಹೊಸವಲ್ಲ. ತಗಡಿನ ಶೆಡ್ಡಿನ ಬಾಳಿಗೆ ಬೇಕಾದ ಫ್ಯಾನು, ಬಕೆಟ್ಟು, ಮಗುವಿನ ಸ್ವೆಟರು ಅಲ್ಲಿಂದಲೇ ಬರುವುದು ಹೆಚ್ಚು. ನಮ್ಮ ಓಣಿಯಿಂದ ಪಾತ್ರೆಗೆ ಹೋದ ಅಂಗಿಯನ್ನು ನಮ್ಮೂರಿನವನೇ ಅಲ್ಲಿ ದುಡ್ಡು ಕೊಟ್ಟು ತಂದರೂ ಆಶ್ಚರ್ಯವಿಲ್ಲ.

ಹಾಗಾಗಿ ‘ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಬಟ್ಟೆ ಯಾರು ಕೊಳ್ತಾರ್ರಿ’ ಎನ್ನುವ ಮಾತನ್ನು ಅಷ್ಟಕ್ಕೇ ಒಪ್ಪಲಾಗದು. ಹಳೆ ಸಾಮಾನು ಜಿಲ್ಲೆಯ ಒಳಗೂ ಹೊರಗೂ ದಿನವೂ ಓಡಾಡುತ್ತಿದೆ. ಮೆತ್ತಗಾದ ನೂಲಿನ ಸೀರೆ ಪಾತ್ರೆಯವಳ ಗಂಟಿಗೂ ಹೋಗುವುದಿಲ್ಲ. ಅದು ಮನೆಯಲ್ಲೇ ಪದರ ಪದರವಾಗಿ ಕೌದಿಯೊಳಗೆ ಸೇರುತ್ತದೆ. ಇಲ್ಲದ್ದು ಒಂದೇ: ಬಡವರು ಕೈಯಾಡಿಸಿ ನೋಡಿ, ಚೌಕಾಸಿ ಮಾಡಿ, ಬೆಲೆ ಕೊಟ್ಟು, ಯಾರ ಹಂಗೂ ಇಲ್ಲದೆ ಒಯ್ಯಬಹುದಾದ ಅಂಗಡಿ.

ಹಂಗಿನ ಮಾತಿಗೆ ಸ್ವಲ್ಪ ನಿಲ್ಲಬೇಕು. ಹಳೆ ಬಟ್ಟೆಯ ಬಗ್ಗೆ ನಮ್ಮಲ್ಲಿರುವ ಮುಜುಗರ ಬರೀ ಸ್ವಚ್ಛತೆಯದ್ದಾಗಿದ್ದರೆ ಒಂದು ಬಕೆಟ್ ಬಿಸಿನೀರಿಗೆ ತೊಳೆದು ಹೋಗುತ್ತಿತ್ತು. ಅದರ ಬೇರು ಬೇರೆ ಕಡೆ ಇದೆ. ಸೇವೆ ಮಾಡುವ ಶೂದ್ರನಿಗೆ ಉಂಡುಳಿದ ಅನ್ನವನ್ನೂ ಜೀರ್ಣವಾದ ಬಟ್ಟೆಯನ್ನೂ ಕೊಡಬೇಕೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸುತ್ತದೆ. ಪುಸ್ತಕ ಓದದ ಊರುಗಳಲ್ಲೂ ಆ ವಿಧಿ ಚಾಚೂ ತಪ್ಪದೆ ನಡೆಯಿತು: ಗೌಡರ ಮನೆಯ ಜೀತದಾಳಿಗೆ ಹಬ್ಬಕ್ಕೊಂದು ಹಳೆ ಧೋತರ, ಅವನ ಹೆಂಡತಿಗೊಂದು ಉಟ್ಟುಬಿಟ್ಟ ಸೀರೆ. ಕೊಟ್ಟದ್ದಕ್ಕೆ ಬೆಲೆ ಇರಲಿಲ್ಲ. ಆದ್ದರಿಂದಲೇ ಅದನ್ನು ತೀರಿಸಲೂ ಆಗುತ್ತಿರಲಿಲ್ಲ. ಕರೆದಾಗ ಬರಬೇಕು, ಹೇಳಿದ್ದು ಮಾಡಬೇಕು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ಅವರು ದಲಿತ ಹೆಂಗಸರನ್ನು ಕೂರಿಸಿಕೊಂಡು ಮಾತಾಡಿದಾಗ, ಉಡುವ ರೀತಿಯಿಂದಲೇ ಜಾತಿ ಗುರುತಾಗುವುದನ್ನು ಬಿಡಿ, ಸೀರೆಯನ್ನು ಉಳಿದವರಂತೆಯೇ ಉಡಿ ಎಂದಿದ್ದು ಸುಮ್ಮನೆ ಅಲ್ಲ. ಬಟ್ಟೆ ಯಾವುದು ಎಂಬುದಕ್ಕಿಂತ ಅದು ಮೈಮೇಲೆ ಬಂದ ದಾರಿ ಯಾವುದು ಎಂಬುದು ಮನುಷ್ಯನನ್ನು ಕುಗ್ಗಿಸಬಲ್ಲದು.

ಸಣ್ಣ ಊರಿನಲ್ಲಿ ಆ ದಾರಿ ಎಲ್ಲರಿಗೂ ಗೊತ್ತಿರುತ್ತದೆ. ಮೇಲಿನ ಓಣಿಯ ಅಕ್ಕ ಉಡುತ್ತಿದ್ದ ಹಸಿರು ಸೀರೆ ಕೆಳಗಿನ ಓಣಿಯ ಹೆಣ್ಣುಮಗಳ ಮೈಮೇಲೆ ಬಂದರೆ ನೀರಿನ ಟ್ಯಾಂಕಿನ ಹತ್ತಿರ ನಿಂತವರೆಲ್ಲ ಒಮ್ಮೆ ನೋಡುತ್ತಾರೆ. ಅದೇ ಸೀರೆ ರಾಯಚೂರಿನಿಂದ ಬಂದು ಮಾನ್ವಿಯ ಅಂಗಡಿಯಲ್ಲಿ ತೂಗಿದ್ದರೆ ಅದಕ್ಕೆ ಹಿಂದಿನ ಹೆಸರಿಲ್ಲ. ಹೀಗಾಗಿ ಬಳಸಿದ ಬಟ್ಟೆಯ ಅಂಗಡಿಗೆ ದೂರ ಬೇಕು: ರಾಯಚೂರಿನದು ಮಾನ್ವಿಗೆ, ಮಾನ್ವಿಯದು ದೇವದುರ್ಗಕ್ಕೆ ಹೋಗಬೇಕು. ಜತೆಗೆ ಬೆಲೆ ಚೀಟಿ ಬೇಕು. ಅದರ ಮೇಲೆ ಇಪ್ಪತ್ತೇ ರೂಪಾಯಿ ಬರೆದಿರಲಿ, ಕೊಟ್ಟ ಮೇಲೆ ಲೆಕ್ಕ ಮುಗಿಯಿತು.

ಇದನ್ನು ಚೆನ್ನಾಗಿ ಅರಿತವರು ‘ಗೂಂಜ್’ ಸಂಸ್ಥೆಯವರು. 1999ರಲ್ಲಿ ಇದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ನಗರದ ಹಳೆ ಬಟ್ಟೆಯನ್ನು ಹಳ್ಳಿಗೆ ಪುಕ್ಕಟೆ ಹಂಚುವುದಿಲ್ಲ. ಊರವರು ಸೇರಿ ತಮಗೆ ಬೇಕಾದ ಬಾವಿಯನ್ನೋ ರಸ್ತೆಯನ್ನೋ ಸರಿಮಾಡಿಕೊಂಡರೆ, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಸಿಗುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ರಸ್ತೆ ಬದಿಯಲ್ಲಿ ದಾನದ ಬಟ್ಟೆ ರಾಶಿ ರಾಶಿ ಬಿದ್ದಿದ್ದನ್ನು ಆರಿಸಿ ಬಳಕೆಗೆ ತಂದವರಲ್ಲಿ ಅವರೂ ಇದ್ದರು. ನಮಗೂ ಆ ಅನುಭವ ದೂರದ್ದಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿದಾಗ ನದಿ ದಂಡೆಯ ಜನಕ್ಕೆ ನೆರವು ಬೇಕಿತ್ತು. ಅಂಥ ಹೊತ್ತಿನಲ್ಲಿ ನಗರದ ಕಪಾಟುಗಳು ಖಾಲಿಯಾಗಿ ಜೀನ್ಸು, ಕೋಟು, ಒಂಟಿ ಚಪ್ಪಲಿಗಳೂ ಲಾರಿ ಹತ್ತುವುದು ಎಲ್ಲ ನೆರೆಗಳ ಕಥೆ. ಆರಿಸುವ ಹಕ್ಕು ಇಲ್ಲದವರ ಮುಂದೆ ಸುರಿಯುವ ರಾಶಿ ಹಾಗೇ ಇರುತ್ತದೆ.

ಇನ್ನು ಕೊಳ್ಳುವವರ ಕಡೆಗೆ ಬರೋಣ. ಬಳಸಿದ ವಸ್ತುವಿನ ಪೇಟೆಯಲ್ಲಿ ಮೂಲ ತೊಡಕು ಒಂದೇ: ಮಾರುವವನಿಗೆ ವಸ್ತುವಿನ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಉದಾಹರಣೆ ಹಿಡಿದು ಇದನ್ನು ಬಿಡಿಸಿ ತೋರಿಸಿದರು. ಕೊಳ್ಳುವವನು ಅನುಮಾನದಿಂದ ಎಲ್ಲದಕ್ಕೂ ಕಡಿಮೆ ಬೆಲೆ ಕೇಳುತ್ತಾನೆ, ಒಳ್ಳೆಯ ವಸ್ತು ಇದ್ದವನು ಆ ಬೆಲೆಗೆ ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ, ಕೊನೆಗೆ ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದು ಈ ಬಗೆಯ ಕೆಲಸಕ್ಕೆ. ತಮಾಷೆಯೆಂದರೆ ಹಳೆ ರೇಷ್ಮೆ ಸೀರೆಯ ವಿಷಯದಲ್ಲಿ ಇದು ತಲೆಕೆಳಗು. ‘ಜರಿ ಸೀರೆ ಕೊಳ್ಳುತ್ತೇವೆ’ ಎಂದು ಬರುವವನಿಗೆ ಅದರಲ್ಲಿ ಎಷ್ಟು ಬೆಳ್ಳಿ ಬರುತ್ತದೆಂದು ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅಜ್ಜಿಯ ಕಾಲದ ಅಸಲಿ ಜರಿ ಸೀರೆಯನ್ನು ಬಾಗಿಲಲ್ಲೇ ಮಾರಬೇಡಿ. ಸರಾಫರ ಹತ್ತಿರ ತೋರಿಸಿ ಕೇಳಿ.

ಅಕರ್ಲಾಫ್ ಹೇಳಿದ ತೊಡಕಿಗೆ ನಮ್ಮ ರೈತರಿಗೆ ಮದ್ದು ಗೊತ್ತಿದೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮಾಲೀಕನ ಮಾತು ನಂಬುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ನೊಗಕ್ಕೆ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತಾನೆ. ಹಳೆ ಫ್ರಿಜ್ ಕೊಳ್ಳುವುದೂ ಅಷ್ಟೇ. ಅಂಗಡಿಯಲ್ಲಿ ಸ್ವಿಚ್ ಹಾಕಿಸಿ, ಚಹಾ ಕುಡಿದು, ಪೇಟೆ ಸುತ್ತಿ ಒಂದೆರಡು ತಾಸಿನ ನಂತರ ಬಂದು ಐಸ್ ಕಟ್ಟಿದೆಯೇ ನೋಡಿ. ಬಾಗಿಲಿನ ರಬ್ಬರಿನ ನಡುವೆ ನೋಟೊಂದನ್ನು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ತಂಪು ಸೋರುತ್ತದೆ. ಸ್ಟಾರ್ ಲೇಬಲ್ ಇನ್ನೂ ಇದ್ದರೆ ವರ್ಷಕ್ಕೆ ಎಷ್ಟು ಯೂನಿಟ್ ಬೇಕೆಂದು ಅದರಲ್ಲೇ ಬರೆದಿರುತ್ತದೆ. ಇಲ್ಲಿ ಇನ್ನೊಂದು ಲೆಕ್ಕವಿದೆ. ಗೃಹಜ್ಯೋತಿಯಲ್ಲಿ ಕರೆಂಟ್ ಪುಕ್ಕಟೆ ಎಂದರೂ ಪ್ರತಿ ಮನೆಗೆ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಇದೆ. ಅದು ಮೀರಿದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಮುದಿ ಫ್ರಿಜ್ ದಿನಕ್ಕೆ 2 ಯೂನಿಟ್ ಎಳೆದರೂ ತಿಂಗಳಿಗೆ 60. ಮೂರು ಸಾವಿರಕ್ಕೆ ಸಿಕ್ಕಿತೆಂದು ಹಿಗ್ಗಿದ ಫ್ರಿಜ್ ಜೆಸ್ಕಾಂ ಬಿಲ್ಲಿನ ರೂಪದಲ್ಲಿ ಬೆಲೆ ವಸೂಲಿ ಮಾಡುತ್ತಲೇ ಇರುತ್ತದೆ.

ಕೆಲವನ್ನು ಹಳೆಯದಾಗಿ ಕೊಳ್ಳಲೇಬಾರದು. ಗ್ಯಾಸ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ನಿಯಮವೇ ಇದೆ, ಹಳೆ ಒಲೆಯ ಜತೆ ಬಂದದ್ದನ್ನು ಎಸೆದುಬಿಡಿ. ಹೆಲ್ಮೆಟ್ ಒಮ್ಮೆ ಬಿದ್ದಿದ್ದರೆ ಒಳಗಿನ ಥರ್ಮಾಕೋಲ್ ಜಜ್ಜಿರುವುದು ಹೊರಗೆ ಕಾಣುವುದಿಲ್ಲ. ಗಾದಿ ಬೇಡವೇ ಬೇಡ ಎನ್ನುತ್ತೇನೆ. ತಿಗಣೆ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ, ಹೊಲಿಗೆಯ ಸಂದಿನಲ್ಲಿ ಕೂತು ಮನೆ ಸೇರಿದರೆ ಹೊರಹಾಕುವುದು ಕಷ್ಟ. ಬಟ್ಟೆಯ ಮಾತು ಬೇರೆ. ಕಜ್ಜಿಯ ಹುಳು ಮೈ ಬಿಟ್ಟ ಮೇಲೆ ಎರಡು-ಮೂರು ದಿನಕ್ಕಿಂತ ಹೆಚ್ಚು ಬಾಳದು. ಕುದಿಯುವಷ್ಟು ಬಿಸಿ ನೀರಿನಲ್ಲಿ ನೆನೆಹಾಕಿ ಒಗೆದು, ರಾಯಚೂರಿನ ಬಿಸಿಲಿಗೆ ಹರವಿದರೆ ಸಾಕು. ಒಗೆಯಲಾಗದ ಸ್ವೆಟರಿನಂಥದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಹಿತ್ತಾಳೆ, ತಾಮ್ರ, ಸ್ಟೀಲ್ ಪಾತ್ರೆಗಳಿಗಂತೂ ಮುಪ್ಪೇ ಇಲ್ಲ. ಕುಕ್ಕರ್ ಮಾತ್ರ ಐಎಸ್ಐ ಗುರುತು ನೋಡಿ ತಂದು, ರಬ್ಬರನ್ನೂ ಸೇಫ್ಟಿ ವಾಲ್ವನ್ನೂ ಹೊಸದು ಹಾಕಿಸಿ.

ಮಿಕ್ಸಿ, ಟಿವಿ, ಮೊಬೈಲ್‌ಗೆ ರಸೀದಿ ಕೇಳುವುದನ್ನು ಬಿಡಬೇಡಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಅಪರಾಧ. ಮೊಬೈಲ್ ಆದರೆ *#06# ಒತ್ತಿ ಬರುವ ನಂಬರನ್ನು ಸರ್ಕಾರದ ‘ಸಂಚಾರ ಸಾಥಿ’ಯಲ್ಲಿ ಹಾಕಿ ನೋಡಬಹುದು.

‘ಹೊಸ ಅಂಗಿಯೇ ಸಂತೆಯಲ್ಲಿ ಇನ್ನೂರಕ್ಕೆ ಸಿಗುವಾಗ ಹಳೆಯದ್ಯಾಕೆ?’ ಎಂಬುದು ನ್ಯಾಯವಾದ ಪ್ರಶ್ನೆ. ಬೆಲೆಯನ್ನು ಒಗೆತಕ್ಕೆ ಭಾಗಿಸಿ ನೋಡಿ. ಇನ್ನೂರರ ಪಾಲಿಯೆಸ್ಟರ್ ಅಂಗಿ ಇಪ್ಪತ್ತು ಒಗೆತಕ್ಕೆ ಹೊಲಿಗೆ ಬಿಟ್ಟರೆ ಒಂದೊಂದಕ್ಕೆ ಹತ್ತು ರೂಪಾಯಿ ಬಿತ್ತು. ನೂರು ರೂಪಾಯಿಯ ಹಳೆ ಹತ್ತಿ ಅಂಗಿ ಇನ್ನೂ ನಲವತ್ತು ಒಗೆತ ತಾಳಿದರೆ ಎರಡೂವರೆ. ಏಪ್ರಿಲ್ ತಿಂಗಳಲ್ಲಿ ಪಾಲಿಯೆಸ್ಟರ್ ತೊಟ್ಟು ಹೊಲದಲ್ಲಿ ನಿಂತವರಿಗೆ ಉಳಿದ ವ್ಯತ್ಯಾಸ ಹೇಳಬೇಕಿಲ್ಲ. ಹತ್ತಿ ಬೆಳೆಯುವ ಜಿಲ್ಲೆಯಲ್ಲಿ ಹತ್ತಿ ತೊಡುವುದೇ ದುಬಾರಿಯಾದದ್ದು ಬೇರೆಯೇ ಸಂಕಟ. ಒಂದು ಹತ್ತಿ ಅಂಗಿಯ ಹಿಂದೆ ಸುಮಾರು 2,700 ಲೀಟರ್ ನೀರಿದೆ ಎಂಬುದು ಪರಿಸರ ಸಂಸ್ಥೆಗಳ ಲೆಕ್ಕ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಯ ಭಾಗದಲ್ಲಿ ನೀರಿಗಾಗಿ ಪ್ರತಿವರ್ಷ ರಸ್ತೆಗಿಳಿಯುವ ಮಾನ್ವಿ, ರಾಯಚೂರಿನ ರೈತರಿಗೆ ಆ ಅಂಕಿಯ ತೂಕ ಗೊತ್ತಾಗುತ್ತದೆ.

ಹೊರದೇಶದ ಹಳೆ ಬಟ್ಟೆ ಬಂದು ಬೀಳುವ ಭಯ ಸದ್ಯಕ್ಕೆ ನಮಗಿಲ್ಲ. ತೊಡಬಹುದಾದ ಹಳೆ ಬಟ್ಟೆಯನ್ನು ಪರವಾನಗಿ ಇಲ್ಲದೆ ತರಿಸಿಕೊಳ್ಳಲು ಭಾರತ ಬಿಡುವುದಿಲ್ಲ. ಘಾನಾದ ರಾಜಧಾನಿ ಅಕ್ರಾದ ಕಂಟಮಾಂಟೊ ಪೇಟೆಯಲ್ಲಿ ಶ್ರೀಮಂತ ದೇಶಗಳ ಬೇಲುಗಳು ಬಂದು ಬಿದ್ದು, ಮಾರಾಟವಾಗದ್ದು ಕಡಲ ತೀರ ಸೇರುವುದನ್ನು ನೋಡಿದರೆ ಈ ತಡೆ ಒಳ್ಳೆಯದೇ. ಆದರೆ ಬ್ರಿಟನ್ನಿನ ಆಕ್ಸ್‌ಫರ್ಡ್ ಊರಿನಲ್ಲಿ 1940ರ ದಶಕದ ಕೊನೆಗೆ ಆಕ್ಸ್‌ಫಾಮ್ ತೆರೆದ ಅಂಗಡಿಯ ಮಾದರಿಯಿಂದ ಕಲಿಯುವುದಿದೆ. ಜನ ಕೊಟ್ಟ ಸಾಮಾನಿಗೆ ಬೆಲೆ ಹಚ್ಚಿ ಮಾರಿ, ಬಂದ ದುಡ್ಡನ್ನು ಬೇರೆ ಕೆಲಸಕ್ಕೆ ಹಾಕುವುದು. ಅಂದರೆ ಕೊಟ್ಟವರೂ ಕೊಂಡವರೂ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ.

ಮಾನ್ವಿಯಲ್ಲೋ ದೇವದುರ್ಗದಲ್ಲೋ ಅಂಥದ್ದನ್ನು ನಡೆಸಲು ಸಂಜೀವಿನಿ ಒಕ್ಕೂಟದ ಮಹಿಳೆಯರಿಗಿಂತ ತಕ್ಕವರಿಲ್ಲ. ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ನಂಜುಂಡಪ್ಪ ಸಮಿತಿ ಸೇರಿಸಿದ್ದು 2002ರಲ್ಲಿ. ಅಲ್ಲಿ ಅಗ್ಗದ ಒಳ್ಳೆಯ ಬಟ್ಟೆಗೆ ಗಿರಾಕಿ ಇಲ್ಲವೆನ್ನುವವರು ಗುಳೆ ಬಸ್ಸು ನೋಡಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಶಕ್ತಿ ಯೋಜನೆ ಇರುವುದರಿಂದ ಚೀಕಲಪರ್ವಿಯ ಹೆಣ್ಣುಮಕ್ಕಳು ಮಾನ್ವಿಗೆ ಬಂದು ನೋಡಿ, ಮನಸ್ಸಿಗೆ ಬರದಿದ್ದರೆ ಬರಿಗೈಲಿ ಹೋದರೂ ನಷ್ಟವಿಲ್ಲ. ವರ್ಷದ ವಹಿವಾಟು 40 ಲಕ್ಷ ಮುಟ್ಟುವವರೆಗೆ ಜಿಎಸ್‌ಟಿ ನೋಂದಣಿಯ ತಾಪತ್ರಯವೂ ಇಲ್ಲ. ಮುಟ್ಟಿದರೂ ಬಳಸಿದ ಮಾಲಿಗೆ ಕೊಂಡ-ಮಾರಿದ ಬೆಲೆಗಳ ನಡುವಿನ ಅಂತರದ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶವಿದೆ.

ಶುರುವನ್ನು ಮೇ ತಿಂಗಳಲ್ಲಿ, ಕಾನ್ವೆಂಟ್ ಶಾಲೆಗಳ ಯೂನಿಫಾರ್ಮಿನಿಂದ ಮಾಡುವುದು ಜಾಣತನ. ಮಕ್ಕಳು ಬೆಳೆದುಬಿಡುತ್ತವೆ, ಬಟ್ಟೆ ಹರಿದಿರುವುದಿಲ್ಲ. ಅರ್ಧ ರೇಟಿಗೆ ಹಳೆ ಪಠ್ಯಪುಸ್ತಕ ಕೊಂಡು ಓದಿದ ಊರಿಗೆ ಅದರಲ್ಲಿ ನಾಚಿಕೆಯೂ ಇಲ್ಲ. ಅಂಗಡಿಗೆ ಎರಡು ಸಾಲು ಹ್ಯಾಂಗರು, ಒಂದು ನಿಲುಗನ್ನಡಿ, ತೊಟ್ಟು ನೋಡಲು ಪರದೆ ಕಟ್ಟಿದ ಒಂದು ಮೂಲೆ ಬೇಕು. ಮೂರು ತಿಂಗಳಾದರೂ ಹೋಗದ ಬಟ್ಟೆಯನ್ನು ಇಳಿಸಿ ಕೌದಿ ಹೊಲಿಯುವವರಿಗೆ ಕೊಡಬೇಕು, ಅವರ ಕೂಲಿಯನ್ನು ಮೊದಲ ದಿನದಿಂದಲೇ ಖರ್ಚಿನ ಪುಸ್ತಕದಲ್ಲಿ ಬರೆಯಬೇಕು.