ಕುರುಬನ ಕೋಲು

ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಎರೆನೆಲದಲ್ಲಿ ಮಳೆ ತಪ್ಪಿದ ವರ್ಷ ಮನುಷ್ಯನ ಧೈರ್ಯವೂ ಬಿರಿಯುವುದು. ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ತೊಡಗಿದ ಬರದಲ್ಲಿ ತಬ್ಬಲಿಗಳಾದ ಮಕ್ಕಳು ಅನೇಕರು. ಅವರಲ್ಲಿ ಕೆಲವರನ್ನು ಬಾಸೆಲ್ ಮಿಶನ್ನಿನವರು ಸಾಕಿದರು. ಗದಗಿಗೆ ಹತ್ತಿದ ಬೆಟಗೇರಿಯಲ್ಲಿ ಆ ಮಿಶನ್ನು 1841ರಲ್ಲಿಯೇ ನೆಲೆಯೂರಿದ್ದಿತು.

ಹಾಗೆ ಬದುಕಿದವಳೊಬ್ಬಳ ಮರಿಮಗಳನ್ನು ನಾವು ಬೆಟಗೇರಿಯಲ್ಲಿ ಕಂಡೆವು. ವೃದ್ಧೆ, ಮೊಮ್ಮಗನು ಆಸ್ಪತ್ರೆಯಲ್ಲಿ. ಬುತ್ತಿ ಕಟ್ಟುತ್ತ 23ನೆಯ ಕೀರ್ತನೆಯನ್ನು ಗುನುಗುತ್ತಿದ್ದರು. ನಮ್ಮ ಪಾಂಡಿತ್ಯ ಸುಮ್ಮನಿರಲಿಲ್ಲ. "ಯವ್ವಾ, ದೇವರೇ ಕುರುಬನಾದ ಮೇಲೆ ಮಂದೆಗೆ ಈ ಕಷ್ಟವೇಕೆ?" ಎಂದೆವು.

"ಮಾಸ್ತರ, ಕತ್ತಲ ಇರಾಂಗಿಲ್ಲಂತ ಅದರಾಗ ಎಲ್ಲೈತ್ರಿ? ಜೋಡಿ ಇರ್ತಾನಂತ ಐತಿ."

ಮನೆಗೆ ಬಂದು ಗ್ರಂಥವನ್ನು ತೆರೆದೆವು. ಹುಲ್ಲು, ನೀರು ಇರುವವರೆಗೆ ಕವಿಯು ದೇವರನ್ನು 'ಆತನು' ಎನ್ನುತ್ತಾನೆ. ಕತ್ತಲ ಕಣಿವೆ ಬಂದೊಡನೆ 'ನೀನು' ಎಂದು ಕರೆಯುತ್ತಾನೆ. ಪ್ರಥಮಪುರುಷ ಹೋಗಿ ಮಧ್ಯಮಪುರುಷ! ಜೀವಮಾನವೆಲ್ಲ ವ್ಯಾಕರಣ ಬೋಧಿಸಿದ ನಮ್ಮ ಕಣ್ಣಿಗೆ ಇದು ಬಿದ್ದಿರಲಿಲ್ಲ. ಮರುದಿನ ಬೆಟಗೇರಿಗೆ ಹೋಗಿ, ಬುತ್ತಿಯ ಗಂಟನ್ನು ಹಿಡಿದು, ಆ ತಾಯಿಯೊಡನೆ ಆಸ್ಪತ್ರೆಯವರೆಗೆ ನಾವೂ ನಡೆದೆವು.