ಹಂದಿಯ ರಕ್ತಭೇದಿ

ಶೇಂದ್ರಾದಲ್ಲಿ ದುಡಿದು, ಹಂದಿಮರಿ ಕೊಳ್ಳಲೆಂದು ಕೊಡಗಿನ ಮನೆಗೆ ಹಣ ಕಳಿಸುವ ಬಂಧುಗಳು ಇದನ್ನು ಗಮನಿಸಬೇಕು. ಹಂದಿಗಳಿಗೆ ಲೋಳೆ, ರಕ್ತ ಬೆರೆತ ಭೇದಿ ಹಿಡಿಸುವ ರೋಗವೊಂದನ್ನು ಅಮೆರಿಕದಲ್ಲಿ 1921ರಲ್ಲೇ ಗುರುತಿಸಿದ್ದರು. ಕಾರಣವಾದ ರೋಗಾಣು ಸಿಕ್ಕಿದ್ದು ಮಾತ್ರ ಐವತ್ತು ವರ್ಷಗಳ ತರುವಾಯ. ಬ್ರಾಕಿಸ್ಪೈರಾ ಎಂದು ಅದರ ಹೆಸರು. ಆಕಾರ ಸುರುಳಿ, ವಾಸ ದೊಡ್ಡ ಕರುಳು. ಚೇತರಿಸಿಕೊಂಡ ಹಂದಿ ಗಟ್ಟಿಯಾಗಿ ಕಂಡರೂ ವಾರಗಟ್ಟಲೆ ಮಲದಲ್ಲಿ ರೋಗಾಣುವನ್ನು ಬಿಡುತ್ತಲೇ ಇರಬಹುದು. ಸಂತೆಯಲ್ಲಿ ಮೋಸ ಹೋಗುವುದು ಇಲ್ಲಿಯೇ! ತಂಪು ಹವೆಯ ಒದ್ದೆ ಮಲದಲ್ಲಿ ಅದು ಬಹುದಿನ ಬದುಕುತ್ತದೆ. ಒಣಗಿದರೆ ಬೇಗ ಸಾಯುತ್ತದೆ. ಇಲಿಗಳೂ ಅದನ್ನು ಹೊರುತ್ತವೆ. ಮದ್ದುಂಟು, ಆದರೆ ಮದ್ದಿಗೆ ಬಗ್ಗದ ತಳಿಗಳೂ ಹುಟ್ಟಿಕೊಂಡಿವೆ. ಪಶುವೈದ್ಯರನ್ನು ಕೇಳದೆ ಕೊಡಬಾರದು. ಊರಿಗೆ ಫೋನು ಮಾಡಿದಾಗ ತಿಳಿಸಿರಿ: ಹೊಸ ಮರಿಗಳು ಕೆಲವು ವಾರ ಬೇರೆ ಗೂಡಿನಲ್ಲಿರಲಿ, ಅಲ್ಲಿ ಮೆಟ್ಟಿದ ಚಪ್ಪಲಿ ಹಳೆಯ ಗೂಡಿಗೆ ಬರದಿರಲಿ.